ತಿಂಗಳ ಸಂಬಳ ಬಿಟ್ಟು ತಮಟೆ ಹಿಡಿದದ್ದು

ನಾವು ಆರು ಜನ ತಿಂಗಳ ಸಂಬಳದ ಕೆಲಸ ಬಿಟ್ಟು ತಮಟೆಯನ್ನೇ ಪೂರಾ ಕಸುಬು ಮಾಡಿಕೊಂಡಾಗ ನಮ್ಮನ್ನು ಎಲ್ಲರಿಗಿಂತ ಮೊದಲು ಬೈದವರು ನಮ್ಮ ಕೇರಿಯ ಹಿರಿಯರು. 1980ರ ಆಸುಪಾಸಿನಲ್ಲಿ ದಲಿತ ಸಂಘರ್ಷ ಸಮಿತಿಯ ಮಾತು ನಮ್ಮ ತುಮಕೂರು ಸೀಮೆಯ ಹಳ್ಳಿಗೂ ಬಂದಾಗ, ಸತ್ತ ದನ ಹೊರೋದಿಲ್ಲ, ಊರ ಹಬ್ಬಕ್ಕೆ ಬಿಟ್ಟಿ ತಮಟೆ ಬಾರಿಸೋದಿಲ್ಲ ಅಂತ ಎದ್ದು ನಿಂತವರು ಅವರು. ಅದಕ್ಕಾಗಿ ಏಟು ತಿಂದವರು, ಒಂದು ಸುಗ್ಗಿಯ ಕೂಲಿಯನ್ನೇ ಕಳಕೊಂಡವರು. ನಮ್ಮ ದೊಡ್ಡಪ್ಪ ಅಂದ ಮಾತನ್ನು ಹಾಗೇ ಬರೆಯುತ್ತೇವೆ: "ನಾವು ಅದನ್ನ ಬಿಸಾಕೋಕೆ ರಕ್ತ ಸುರಿಸ್ದೋ ಕಣ್ರೋ. ನೀವು ಓದ್ಕಂಡು, ಕಾರ್ಖಾನೆಗೋಗಿ, ಈಗ ಅದನ್ನೇ ಹೆಗಲಿಗಾಕ್ಕಂಡು ಬತ್ತಿದೀರಲ್ಲೋ!"

ಈ ಮಾತಿಗೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ಕೊಟ್ಟ ಉತ್ತರ ದೊಡ್ಡಪ್ಪನಿಗೆ ಈವತ್ತಿಗೂ ಪೂರಾ ಒಪ್ಪಿಗೆಯಾಗಿಲ್ಲ ಅನ್ನುವುದನ್ನೂ ಮೊದಲೇ ಹೇಳಿಬಿಡುತ್ತೇವೆ.

ಪೇಟೆಯ ಓದಿದ ಜನ ಈಚೆಗೆ 'ಸಾಂಪ್ರದಾಯಿಕ ಉದ್ಯೋಗ ಬಿಟ್ಟು ಸ್ವತಂತ್ರ ವೃತ್ತಿಗೆ ಬಂದೆವು' ಅಂತ ಹೇಳಿಕೊಳ್ಳುತ್ತಾರೆ. ಅವರಿಗೆ ಸಾಂಪ್ರದಾಯಿಕ ಅಂದರೆ ಬೆಳಿಗ್ಗೆ ಆಫೀಸು, ತಿಂಗಳಾದರೆ ಸಂಬಳ. ನಮ್ಮ ಕೇರಿಯಲ್ಲಿ ಆ ಮಾತಿಗೆ ಬೇರೆ ಅರ್ಥ ಇದೆ. ನಮ್ಮ ಸಂಪ್ರದಾಯದ ಉದ್ಯೋಗ ತೋಟಿತನ. ನಮ್ಮ ತಾತ ತೋಟಿ. ಸಾವಿನ ಸುದ್ದಿ ಹೊತ್ತು ಹತ್ತು ಮೈಲಿಯಾದರೂ ನಡೆಯಬೇಕು. ಕಂದಾಯದ ದಿನ ಸಾರಬೇಕು. ಮಾರಮ್ಮನ ಹಬ್ಬಕ್ಕೆ ಮೂರು ದಿನ ತಮಟೆ ಬಾರಿಸಬೇಕು, ಆದರೆ ಗುಡಿಯ ಮೆಟ್ಟಿಲು ತುಳಿಯಬಾರದು. ಇದಕ್ಕೆಲ್ಲ ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ಕಾದು ನಿಂತರೆ ಒಂದು ಮೊರ ರಾಗಿ, ಮೇಲೊಂದು ಚೂರು ಇನಾಂ ಜಮೀನು. ಕೆಲಸಕ್ಕೆ ಸೇರಿಸಿಕೊಂಡವರು ಯಾರು, ಯಾವತ್ತು? ಯಾರೂ ಇಲ್ಲ. ಹುಟ್ಟಿದ ದಿನವೇ ಸೇರಿಕೊಂಡದ್ದು. ರಾಜೀನಾಮೆ ಕೊಡೋಕೆ ಆಫೀಸೂ ಇರಲಿಲ್ಲ.

ಮುಂಬಯಿ ಶಾಸನ ಪರಿಷತ್ತಿನಲ್ಲಿ ಬಾಬಾಸಾಹೇಬರು ಇದನ್ನೇ ಎತ್ತಿದ್ದರು. 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಗೆ 1928ರಲ್ಲಿ ಅವರು ತಿದ್ದುಪಡಿ ಮಸೂದೆ ತಂದರು. ಮಹಾರ ವತನದಾರನ ದುಡಿಮೆಗೆ ಹೊತ್ತು ಗೊತ್ತಿಲ್ಲ, ಅವನು ಮನೆಯಲ್ಲಿಲ್ಲದಿದ್ದರೆ ಮನೆಯ ಇನ್ನೊಬ್ಬರನ್ನು ಆ ದುಡಿಮೆಗೆ ಎಳೆದುಕೊಂಡು ಹೋಗಬಹುದು ಅಂತ ಬಿಡಿಸಿ ಹೇಳಿದರು. ಆ ಮಸೂದೆ ಪಾಸಾಗಲಿಲ್ಲ. ನಮ್ಮ ಕಡೆ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ 1961ರಲ್ಲಿ ಆಗಿ 1963ರಲ್ಲಿ ಜಾರಿಗೆ ಬಂತು. ಕಾಗದದಲ್ಲಿ ತಾತನ ಹುದ್ದೆ ಹೋಯಿತು. ತಮಟೆ ಮಾತ್ರ ಹೆಗಲ ಮೇಲೆ ಹಾಗೇ ಉಳೀತು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯನ್ನು ನಮ್ಮ ವಿದ್ಯಾರ್ಥಿ ಗೆಳೆಯರು ಒಂದು ಸಲ ಓದಬೇಕು. ಸಾಲಕ್ಕೆ ದುಡಿಯುವುದಷ್ಟನ್ನೇ ಅದು ಜೀತ ಅನ್ನುವುದಿಲ್ಲ. ರೂಢಿಯ ಕಟ್ಟಿಗೆ, ವಂಶದಿಂದ ಬಂದ ಹೊಣೆಗೆ, ಇಂಥ ಜಾತಿಯಲ್ಲಿ ಹುಟ್ಟಿದ ಕಾರಣಕ್ಕೆ ದುಡಿಸಿಕೊಳ್ಳುವುದನ್ನೂ ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಸೇರಿಸಿದ್ದಾರೆ. ಅಂದರೆ ಊರ ಹಬ್ಬದ ಬಿಟ್ಟಿ ತಮಟೆಯೂ ಕಾನೂನಿನ ಕಣ್ಣಿಗೆ ಜೀತ. ಇದನ್ನು ನಮ್ಮ ಊರಿಗೆ ಬಂದು ಹೇಳಿದ ಅಧಿಕಾರಿ ಒಬ್ಬನೂ ಇಲ್ಲ. ಹೇಳಿದ್ದು ಸಂಘದವರು.

ಕೇರಿ ಬಿಟ್ಟಿ ನಿಲ್ಲಿಸಿತು. ಆದರೆ ಹೊಟ್ಟೆ ನಿಲ್ಲಬೇಕಲ್ಲ. ಹೊಲದ ಕೂಲಿ ತಪ್ಪಿದಾಗ ಎರಡು ಮನೆಯವರು ಮತ್ತೆ ಹೋದರು. ಎಲೆ ಅಡಿಕೆ ಮೇಲೆ ಒಂದಿಷ್ಟು ಚಿಲ್ಲರೆ ಇಟ್ಟು ಕೊಡುತ್ತೇವೆ ಅಂತ ರಾಜಿ ಆಯಿತು. ಆ ಎರಡು ಮನೆಯಲ್ಲಿ ನಮ್ಮಪ್ಪನ ಮನೆಯೂ ಒಂದು. ದೊಡ್ಡಪ್ಪನೂ ಅಪ್ಪನೂ ಹನ್ನೆರಡು ವರ್ಷ ಮಾತಾಡಲಿಲ್ಲ.

ಇದೆಲ್ಲ ನೋಡಿ ಬೆಳೆದ ನಾವು ತಮಟೆ ಮುಟ್ಟಬಾರದು ಅಂತಲೇ ಹೆದ್ದಾರಿ ಬದಿಯ ಕಾರ್ಖಾನೆಗೆ ಹೋದೆವು. ಕಾರ್ಖಾನೆಯ ಹೆಸರು ಬೇಡ, ಎಲ್ಲ ಕಡೆಯೂ ಅದೇ ಕತೆ. ಗೇಟಿನ ಮೇಲಿನ ಬೋರ್ಡು ಕಂಪನಿಯದು, ನಮ್ಮ ಹಾಜರಿ ಪುಸ್ತಕ ಗುತ್ತಿಗೆದಾರನದು. ಸೇರುವಾಗ 'ಯಾವೂರು? ಯಾರ ಪೈಕಿ?' ಅಂದರು. ಹೇಳಿದೆವು. ಆರು ಜನರಲ್ಲಿ ನಾಲ್ವರಿಗೆ ಹೌಸ್‌ಕೀಪಿಂಗ್ ಬಂತು, ಅಂದರೆ ಕಕ್ಕಸು ತೊಳೆಯೋದು. ನಮ್ಮ ಜೊತೆಗೇ ಹತ್ತನೆ ಕ್ಲಾಸು ಫೇಲಾದ ಊರ ಹುಡುಗರು ಮಿಷನ್ನಿನ ಮುಂದೆ ನಿಂತರು. ತಾತನನ್ನು ಊರ ಹೊರಗೆ ಇಟ್ಟರು, ನಮ್ಮನ್ನು ಕಾರ್ಖಾನೆಯ ಹಿಂದೆ ಇಟ್ಟರು ಅಷ್ಟೆ.

ಆದರೂ ಸಂಬಳದ ಕೆಲಸವನ್ನು ಹೀಗಳೆಯುವಷ್ಟು ಸೊಕ್ಕು ನಮಗಿಲ್ಲ. ತಿಂಗಳ ಏಳಕ್ಕೋ ಎಂಟಕ್ಕೋ ಬ್ಯಾಂಕಿಗೆ ದುಡ್ಡು ಬೀಳುತ್ತಿತ್ತು. ಯಾರ ಕಣದಲ್ಲೂ ಮೊರ ಹಿಡಿದು ನಿಲ್ಲಬೇಕಿರಲಿಲ್ಲ. ಇ.ಎಸ್.ಐ. ಚೀಟಿ ಇತ್ತು. ನಮ್ಮಲ್ಲೊಬ್ಬನ ಹೆಂಡತಿಗೆ ಹೆರಿಗೆ ಕಷ್ಟವಾದಾಗ ಆ ಚೀಟಿಯೇ ಇಬ್ಬರ ಜೀವ ಉಳಿಸಿತು. ಸಂಬಳದ ಸ್ಲಿಪ್ಪು ತೋರಿಸಿ ಗಾಡಿಗೆ ಸಾಲ ತೆಗೆದೆವು. ಪಿ.ಎಫ್. ಕತ್ತರಿಸುತ್ತಿದ್ದರು, ಅದರ ಜೊತೆಗೆ ಮಾಲೀಕನೂ ಹಾಕಬೇಕು. ಆದರೆ 1972ರ ಗ್ರಾಚ್ಯುಟಿ ಕಾಯ್ದೆಯಲ್ಲಿ ಐದು ವರ್ಷದ ಸೇವೆ ಅಂತ ಇತ್ತಲ್ಲ, ನಮಗೆ ಐದು ವರ್ಷ ತುಂಬಲೇ ಇಲ್ಲ. ನಾಲ್ಕನೆಯ ವರ್ಷಕ್ಕೆ ಗುತ್ತಿಗೆದಾರ ಬದಲಾದ. ಅದೇ ಗೇಟು, ಅದೇ ಕಕ್ಕಸು, ಅದೇ ಪೊರಕೆ, ನಾವು ಮಾತ್ರ ಹೊಸಬರು.

ತಮಟೆ ನಮ್ಮ ಕೈಗೆ ಬಂದದ್ದು ಏಪ್ರಿಲ್ 14ರ ಮೆರವಣಿಗೆಯಿಂದ. ಸಂಘದ ಜಾಥಾಗಳಲ್ಲಿ ಹೋರಾಟದ ಹಾಡಿಗೆ ಹಿಂದೆಯೂ ತಮಟೆಯೇ ತಾಳ. ಅಲ್ಲಿ ಅದನ್ನು ಬಾರಿಸಿದವರು ತಲೆ ಎತ್ತಿ ಬಾರಿಸಿದರು. ಅಪ್ಪನ ಹತ್ತಿರ ಕೂತು ಏಟುಗಳನ್ನು ಕಲಿತೆವು. ದೇವರಿಗೊಂದು, ಮದುವೆಗೊಂದು, ಸಾವಿಗೊಂದು, ಕುಣಿತಕ್ಕೊಂದು. ಕೇಳಿದವನಿಗೆ ಅರ್ಧ ಮೈಲಿಯಿಂದಲೇ ಊರಲ್ಲಿ ಏನು ನಡೆದಿದೆ ಅಂತ ಗೊತ್ತಾಗಬೇಕು. ಬಲಗೈಯ ದಪ್ಪ ಕೋಲಿಗಿಂತ ಎಡಗೈಯ ಬಿದಿರ ಕಡ್ಡಿಯಲ್ಲಿ ವಿದ್ಯೆ ಇರೋದು ಅಂತ ಅಪ್ಪ ಮಣಿಕಟ್ಟಿಗೆ ಬಡಿದು ಕಲಿಸಿದ. ಭಾನುವಾರ ಭಾನುವಾರ ಬೇರೆ ಊರಿನವರು ಕರೆಯತೊಡಗಿದರು. ಒಂದು ಜಾತ್ರೆಗೆ ಎರಡು ದಿನ ರಜ ಕೇಳಿದಾಗ ಸೂಪರ್‌ವೈಸರ್ ನಕ್ಕು, "ಅದ್ಯಾಕ್ರೋ ಬಿಡ್ತೀರಾ, ನಿಮ್ಮ ಕುಲಕಸುಬು" ಅಂದ. ಅದೇ ನಗುವಲ್ಲಿ ರಜವನ್ನೂ ಕೊಡಲಿಲ್ಲ. 2018ರ ಜಾತ್ರೆಯ ಕಾಲದಲ್ಲಿ ಆರೂ ಜನ ಬಿಟ್ಟೆವು.

ಬಿಡುವ ಮೊದಲು ಕೇರಿಯ ಅಂಬೇಡ್ಕರ್ ಭವನದಲ್ಲಿ ಕೂತು ಕೆಲವು ಮಾತು ಗಟ್ಟಿ ಮಾಡಿಕೊಂಡೆವು. ರೇಟು ಮೊದಲೇ ಹೇಳೋದು, ಅರ್ಧ ಮುಂಗಡ. ಊಟ ಎಲ್ಲರ ಪಂಕ್ತಿಯಲ್ಲಿ, ಇಲ್ಲದಿದ್ದರೆ ಬುತ್ತಿ ನಮ್ಮದೇ. ಕಾಲಲ್ಲಿ ಚಪ್ಪಲಿ ಇರುತ್ತೆ. ಏಕವಚನದಲ್ಲಿ ಕರೆದ ಕಡೆ ಎರಡನೆ ಸಲ ಹೋಗೋದಿಲ್ಲ. ಸಾರೋದಿಲ್ಲ. ಸಾವಿನ ವಿಷಯ ಬಂದಾಗ ಜಗಳವೇ ಆಯಿತು. ನಮ್ಮ ಕೇರಿಯ ಸಾವಿಗೆ ಕಾಸಿಲ್ಲದೆ ಬಾರಿಸೋದು, ಮೇಲಿನವರ ಸಾವಿಗೆ ಹೋಗೋದೇ ಇಲ್ಲ ಅಂತ ಕೊನೆಗೆ ನಿಂತಿತು. ಸಾವಿನ ತಮಟೆಗೆ ಕಾಸು ಜಾಸ್ತಿ, ವರ್ಷಪೂರ್ತಿ ಸಿಗುವ ಕೆಲಸವೂ ಅದೇ, ಅದನ್ನು ಬಿಟ್ಟರೆ ತಿನ್ನೋದೇನು ಅಂತ ಕೇಳಿದವನ ಮಾತಿನಲ್ಲೂ ನ್ಯಾಯ ಇತ್ತು. ಅವನು ಮರುವರ್ಷ ನಮ್ಮನ್ನು ಬಿಟ್ಟು ಹೋದ.

ಇನ್ನು ಲೆಕ್ಕ. ಯುಗಾದಿಯ ಹಿಂದು ಮುಂದು ಜಾತ್ರೆ, ಆಮೇಲೆ ಮದುವೆ, ಜೂನ್‌ವರೆಗೆ ಉಸಿರಾಡಲು ಬಿಡುವಿಲ್ಲ. ಆಷಾಢ ಬಂತೋ, ಫೋನು ಸತ್ತಂತೆ. ಗಣೇಶನಿಗೆ ಒಂದಿಷ್ಟು ದಿನ. ಪಿತೃಪಕ್ಷ ಖಾಲಿ. ನವೆಂಬರಿನಲ್ಲಿ ರಾಜ್ಯೋತ್ಸವ ಇಡೀ ತಿಂಗಳು ಎಳೆಯುತ್ತೆ, ಧನುರ್ಮಾಸ ಮತ್ತೆ ಖಾಲಿ. ಚುನಾವಣೆ ಬಂದರೆ ಎಲ್ಲ ಪಕ್ಷದವರಿಗೂ ನಾವು ಬೇಕು. ಗೆದ್ದವನ ಮೆರವಣಿಗೆಯ ಬಾಕಿ ಸೋತವನ ಬಾಕಿಗಿಂತ ತಡವಾಗಿ ಬರುತ್ತೆ, ಯಾಕೋ. ಪೇಟೆಯ ಈವೆಂಟಿನೋರು ಮದುವೆ ಮನೆಯಿಂದ ಎಷ್ಟು ತಗೋತಾರೆ ಅಂತ ನಮಗೆ ಹೇಳೋದಿಲ್ಲ, ನಮ್ಮ ಕೈಗೆ ಬರೋದು ಮಾತ್ರ ಗೊತ್ತು. ಕಲ್ಯಾಣ ಮಂಟಪದ ಮುಂದೆ ಬೆಂಕಿ ಹಾಕಿ ತೊಗಲು ಕಾಯಿಸೋಕೆ ಬಿಡೋದಿಲ್ಲ, ಹಾಗಾಗಿ ಕಬ್ಬಿಣದ ಬಳೆಗೆ ಪ್ಲಾಸ್ಟಿಕ್ ಹಾಳೆ ಬಿಗಿದ ತಮಟೆ. ಸದ್ದು ಜೋರು, ದನಿ ಇಲ್ಲ. ಅಪ್ಪ ಅದನ್ನು ಮುಟ್ಟೋದಿಲ್ಲ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಜಾತ್ರೆ ಇಲ್ಲ, ಮದುವೆ ಇಲ್ಲ. 2021ರಲ್ಲೂ ಸರಿಯಾಗಿ ಮದುವೆ ಕಾಲಕ್ಕೇ ಮತ್ತೆ ಬೀಗ. ಎರಡು ವರ್ಷದ ದುಡಿಮೆಯ ಕಾಲ ಕಣ್ಣೆದುರೇ ಒಣಗಿತು. ಮುಂಗಡ ಕೊಟ್ಟವರು ವಾಪಸು ಕೇಳಿದರು. ಆಗ ಮನೆ ನಡೆದದ್ದು ನಮ್ಮ ಹೆಂಗಸರ ಕೂಲಿಯಿಂದ, ಅವರ ಸ್ತ್ರೀಶಕ್ತಿ ಸಂಘದ ಸಾಲದಿಂದ. ಸ್ವತಂತ್ರ ವೃತ್ತಿ ಅಂತ ಎದೆ ತಟ್ಟಿಕೊಳ್ಳುವ ಗಂಡಸರೆಲ್ಲ ಈ ಸಾಲನ್ನು ಎರಡು ಸಲ ಓದಬೇಕು. ನಮ್ಮ ಅತ್ತಿಗೆ ಒಂದು ದಿನ ಅಂದಳು: "ನಿಮ್ಗೆ ಸೊತಂತ್ರ ಬಂತು, ಸರಿ. ನಂಗೆ ಕಳೆ ಕೀಳೋಕೆ ಇನ್ನೊಂದು ಹೊಲ ಬಂತು." ಆ ಕಾಲದಲ್ಲಿ ಇಬ್ಬರು ಕಾರ್ಖಾನೆಗೆ ವಾಪಸು ಹೋದರು. ಅವರನ್ನು ನಾವು ಸೋತವರು ಅನ್ನುವುದಿಲ್ಲ. ಮಕ್ಕಳ ಫೀಸು ಕಟ್ಟೋಕೆ ಹೋದರು. ಈಗ ನಾವು ಉಳಿದದ್ದು ಮೂವರು, ಹೊಸದಾಗಿ ಬಂದ ಹುಡುಗರು ನಾಲ್ವರು.

ಹಾಗಾದರೆ ಬಂದದ್ದೇನು? ದೊಡ್ಡಪ್ಪನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇವೆ. ತಾತನ ತಮಟೆಯೂ ನಮ್ಮ ತಮಟೆಯೂ ಒಂದೇ ಇರಬಹುದು. ತಾತನಿಗೆ 'ಒಲ್ಲೆ' ಅನ್ನೋ ಮಾತು ಇರಲಿಲ್ಲ. ನಮಗೆ ಇದೆ. 2022ರಲ್ಲಿ ಅದನ್ನು ನಮ್ಮ ಊರಲ್ಲೇ ಆಡಿದೆವು. ಬೇರೆ ಊರಿನಲ್ಲಿ ಮೈಕಿನಲ್ಲಿ ನಮ್ಮನ್ನು 'ಕಲಾವಿದರು' ಅಂತಾರೆ, ಶಾಲು ಹೊದಿಸ್ತಾರೆ. ಸ್ವಂತ ಊರಿಗೆ ಬಂದರೆ ನಾವು 'ತಮಟೆಯೋರು'. ಹಬ್ಬದ ಯಜಮಾನರು ಬಂದು, "ನಿಮ್ಮಪ್ಪ ಎಲೆ ಅಡಿಕೆಗೆ ಬಾರಿಸ್ತಿದ್ದ, ನಿಮಗೇನ್ರೋ ರೇಟು, ತಾಯಿ ಕೆಲಸಕ್ಕೆ?" ಅಂದರು. "ತಾಯಿ ಕೆಲಸಕ್ಕೆ ಶಾಮಿಯಾನದವರಿಗೆ, ಲೈಟಿನವರಿಗೆ ಕೊಡ್ತೀರಲ್ಲ ಗೌಡ್ರೆ, ನಮಗೂ ಅಷ್ಟೆ. ಊಟ ಗುಡಿ ಅಂಗಳದಲ್ಲಿ, ಎಲ್ಲರ ಜೊತೆ" ಅಂದೆವು. ಹಣಕ್ಕೆ ಅವರು ಅರ್ಧ ಒಪ್ಪಿದ್ದರು ಅಂತ ನಮ್ಮ ಅನುಮಾನ. ಮುರಿದದ್ದು ಅಂಗಳದ ಮಾತಿಗೆ. ಪಟ್ಟಣದಿಂದ ಬ್ಯಾಂಡ್ ಸೆಟ್ ತರಿಸಿದರು. ಆ ತಿಂಗಳು ಹಿಟ್ಟಿನ ಗಿರಣಿಯಲ್ಲಿ ನಮ್ಮ ಕೇರಿಯ ರಾಗಿ ಬೀಸಲಿಲ್ಲ. ಸಾಮಾಜಿಕ ಬಹಿಷ್ಕಾರ, ಆರ್ಥಿಕ ಬಹಿಷ್ಕಾರ ಎರಡೂ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ, ಆ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಯಲ್ಲಿದೆ ಅಂತ ಅರ್ಜಿ ಬರೆದು ಗಿರಣಿಯವನಿಗೇ ಓದಿ ಹೇಳಿದೆವು. ಠಾಣೆಗೆ ಹೋಗುವ ಮೊದಲೇ ಗಿರಣಿ ತಿರುಗಿತು. ಆ ಅರ್ಜಿ ಬರೆದುಕೊಟ್ಟವನು ದೊಡ್ಡಪ್ಪ.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ಶಾಲೆಯ ವಾರ್ಷಿಕೋತ್ಸವಕ್ಕೆ ತಮಟೆ ಕಲಿಸಿ ಅಂತ ಪ್ರೀತಿಯಿಂದ ಕರೆಯುತ್ತೀರಿ, ನಾವೂ ಬರುತ್ತೇವೆ. ಬಂದು ನೋಡಿದರೆ ಕುಣಿಯೋಕೆ ಎಲ್ಲ ಮಕ್ಕಳೂ ಇದ್ದಾರೆ, ಬಾರಿಸೋಕೆ ಮಾತ್ರ ನಮ್ಮ ಕೇರಿಯವು. ಗೌಡರ ಹುಡುಗನ ಕೈಗೂ, ಹುಡುಗಿಯರ ಕೈಗೂ ಕೋಲು ಕೊಟ್ಟು ಆಮೇಲೆ ನಮ್ಮನ್ನು ಕರೆಯಿರಿ.

ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ 2023ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಕೇರಿಯಲ್ಲಿ ಪಟಾಕಿ ಹೊಡೆದೆವು. ಆ ಖುಷಿಯಲ್ಲೇ ಅಪ್ಪನಿಗೆ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಲು ಹೋದೆವು. ಆಫೀಸಿನಲ್ಲಿ ಕಾರ್ಯಕ್ರಮ ಕೊಟ್ಟ ಪ್ರಮಾಣಪತ್ರ, ಹೆಸರು ಅಚ್ಚಾದ ಆಹ್ವಾನ ಪತ್ರಿಕೆ, ಫೋಟೋ ತನ್ನಿ ಅಂದರು. ನಮ್ಮಪ್ಪ ಬಾರಿಸದೆ ನಮ್ಮ ಊರಿನ ಒಂದು ಮದುವೆ ಆಗಿಲ್ಲ, ಒಂದು ತೇರು ಹೊರಟಿಲ್ಲ. ಆದರೆ ಯಾವ ಲಗ್ನಪತ್ರಿಕೆಯಲ್ಲಿ ತಮಟೆಯವನ ಹೆಸರು ಅಚ್ಚು ಹಾಕುತ್ತಾರೆ? ಎಷ್ಟೋ ಮನೆಯ ಮದುವೆ ಆಲ್ಬಮ್ ತಿರುವಿ ಹಾಕಿದೆವು. ಒಂದು ಫೋಟೋದಲ್ಲಿ, ಗಂಡಿನ ಕುದುರೆಯ ಹಿಂದೆ, ಒಂದು ಮೊಣಕೈ ಮತ್ತು ತಮಟೆಯ ಅಂಚು ಸಿಕ್ಕಿತು. ಅಪ್ಪ ನೋಡಿ, "ಇದು ನಂದೇ ಕೈ ಕಣ್ರಪ್ಪಾ" ಅಂದ. ಆಫೀಸಿನವರಿಗೆ ಅದು ಸಾಲದು. ಈಗ ನಮ್ಮ ತಂಡದ ಪ್ರತಿ ಕಾರ್ಯಕ್ರಮದಲ್ಲೂ, ಬೇಕಿರಲಿ ಬೇಡದಿರಲಿ, ಎಲ್ಲರ ಹೆಸರಿರುವ ಒಂದು ಕಾಗದಕ್ಕೆ ರುಜು ಹಾಕಿಸಿಕೊಳ್ಳುತ್ತೇವೆ. ಅಪ್ಪನನ್ನೂ ಕರೆದುಕೊಂಡು ಹೋಗಿ ಮುಂದೆ ನಿಲ್ಲಿಸಿ ಫೋಟೋ ತೆಗೆಸುತ್ತೇವೆ. ಅರ್ಜಿ ಇನ್ನೂ ಅಲ್ಲೇ ಇದೆ.

ಮೊನ್ನೆ ಊರ ಯಜಮಾನರ ಕಡೆಯ ಒಬ್ಬ ಹುಡುಗ ಬಂದಿದ್ದ. ಬ್ಯಾಂಡ್ ಸೆಟ್ಟಿಗೆ ಮಾರಮ್ಮನ ಏಟು ಬರೋದಿಲ್ಲವಂತೆ, ಮೈಮೇಲೆ ಬರಬೇಕಾದವಳು ಬರಲಿಲ್ಲವಂತೆ, ಈ ಸಲ ನಿಮ್ಮ ರೇಟೇ ಕೊಡ್ತಾರೆ ಅಂದ. "ಊಟ?" ಅಂತ ಕೇಳಿದೆವು. "ಅದನ್ನ ಕೇಳ್ಕಂಡು ಬತ್ತೀನಿ ಇರಿ" ಅಂತ ಗಾಡಿ ತಿರುಗಿಸಿದ. ಇನ್ನೂ ಬಂದಿಲ್ಲ.