ಲೆಕ್ಕದ ಕತೆ 6: ಇಪ್ಪತ್ತಾರು ಅಂಕಿ ಮತ್ತು ಒಂದು 2,700

18,947,668,177,995,426,462,773,730

ಓದೋಕೆ ಹೋಗ್ಬೇಡಿ, ಸುಮ್ನೆ ನೋಡಿ. 26 ಅಂಕಿ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ನಮ್ಮ ಬೆಂಗಳೂರಿನ ಶಕುಂತಲಾ ದೇವಿ ಬಾಯಲ್ಲೇ ಹೇಳಿದ ಉತ್ತರ ಇದು. ಪ್ರಶ್ನೆ: 7,686,369,774,870 × 2,465,099,745,779. ತಗೊಂಡ ಸಮಯ 28 ಸೆಕೆಂಡ್. ಅಷ್ಟು ಹೊತ್ತಲ್ಲಿ ನಂಗೆ ಪ್ರಶ್ನೆ ಟೈಪ್ ಮಾಡೋಕೂ ಆಗಲ್ಲ.

ಸರಿಯಿದೆಯಾ ಅಂತ ನೋಡೋಕೆ ಪೂರ್ತಿ ಗುಣಿಸ್ಬೇಕಿಲ್ಲ. ಅಂಕಿಗಳನ್ನ ಕೂಡಿಸಿ. ಮೊದಲನೇದು 78, ಅಂದ್ರೆ 15, ಅಂದ್ರೆ 6. ಎರಡನೇದು 74, ಅಂದ್ರೆ 11, ಅಂದ್ರೆ 2. ಆರೆರಡ್ಲ 12, ಅಂದ್ರೆ 3. ಈಗ ಉತ್ತರದ ಅಂಕಿ ಕೂಡಿಸಿ: 138, ಅಂದ್ರೆ 12, ಅಂದ್ರೆ 3. ಬಂತಲ್ಲ! (ಎರಡನೇ ಫೋಟೋ ನನ್ನ ರಫ್ ಶೀಟ್. ಅಕ್ಷರಕ್ಕೆ ನಗಬೇಡಿ.)

ಯಾಕೆ ಹೀಗೆ? 10 ಅಂದ್ರೆ 9+1, 100 ಅಂದ್ರೆ 99+1, 1000 ಅಂದ್ರೆ 999+1. 9ರಿಂದ ಭಾಗಿಸಿದಾಗ ಪ್ರತಿ ಸ್ಥಾನದಲ್ಲೂ ಉಳಿಯೋದು ಆ ಅಂಕಿ ಮಾತ್ರ.

ಆದ್ರೆ ಇದರಲ್ಲಿ ಒಂದು ತೂತಿದೆ. ಎರಡು ಅಂಕಿ ಅದಲುಬದಲಾದ್ರೆ ಮೊತ್ತ ಬದಲಾಗಲ್ಲ, ಹಾಗಾಗಿ ತಪ್ಪು ಗೊತ್ತೇ ಆಗಲ್ಲ. ಅದಕ್ಕೆ 11ರ ಪರೀಕ್ಷೆ ಬೇಕು: ಬಲದಿಂದ ಒಂದು ಕೂಡಿಸಿ, ಪಕ್ಕದ್ದು ಕಳೀರಿ, ಹಾಗೇ ಎಡದ ಕೊನೆವರೆಗೂ ಹೋಗಿ. ಎರಡನೇ ಸಂಖ್ಯೆಗೆ ಮಾಡಿದ್ರೆ ಸೊನ್ನೆ, ಅಂದ್ರೆ ಅದು 11ರಿಂದ ಭಾಗ ಆಗುತ್ತೆ. ಉತ್ತರಕ್ಕೂ ಸೊನ್ನೆ. ನಾನು ಮೂರು ಸಲ ಮಾಡ್ದೆ, ಖುಷಿಗೆ.

ಅದಲುಬದಲಿನ ಬಗ್ಗೆ ಇಷ್ಟು ಯಾಕೆ ಹೇಳ್ತಿದೀನಿ ಅಂದ್ರೆ, ಹೋದ ರಜೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡೀಲಿ ಲೆಕ್ಕ ಬರೀತಿದ್ದೆ. ಒಂದು ಸಂಜೆ ಕ್ಯಾಶ್ ಬುಕ್‌ಗಿಂತ ಗಲ್ಲಾದಲ್ಲಿ 2,700 ಕಮ್ಮಿ. ಓನರ್ ಯಾರನ್ನೂ ಬೈಲಿಲ್ಲ. ಡೆಲಿವರಿ ಹುಡುಗನ ಕಡೆ ಒಂದ್ಸಲ ನೋಡಿದ್ರು, "ನಾಳೆಯಿಂದ ನೀನು ಗಲ್ಲಾ ಹತ್ರ ಬರ್ಬೇಡ" ಅಂದ್ರು. ಅಷ್ಟೇ. ಅವ್ನ ಮುಖ ನೋಡೋಕಾಗ್ಲಿಲ್ಲ.

ಬಸ್ಸಲ್ಲಿ ಕೂತಾಗ ತಲೆಗೆ ಬಂತು: 2,700 ಒಂಬತ್ತರಿಂದ ಭಾಗ ಆಗುತ್ತೆ. ಅಂಕಿ ಅದಲುಬದಲಾದ್ರೆ ವ್ಯತ್ಯಾಸ ಯಾವಾಗ್ಲೂ 9ರ ಗುಣಕ ಅಂತ ಕ್ಲಾಸಲ್ಲಿ ಹೇಳಿದ್ರಲ್ವಾ? ನಾವೆಲ್ಲ ಹಿಂದಿನ ಬೆಂಚಲ್ಲಿ ಏನೋ ತಿಂತಿದ್ವಿ. 2,700 ಅಂದ್ರೆ 900 ಮೂರು ಸಲ. ಅಂದ್ರೆ ಸಾವಿರದ ಅಂಕಿ, ನೂರರ ಅಂಕಿ ಜಾಗ ಬದಲಾಗಿರಬಹುದು, ಅವೆರಡರ ಮಧ್ಯೆ ಅಂತರ 3. ಕಳ್ಳತನ ಆಗಿದ್ರೂ 2,700 ಆಗಬಹುದಿತ್ತು, ಅದು ಬೇರೆ ಮಾತು. ಆದ್ರೆ ಹುಡುಕೋಕೆ ಒಂದು ಜಾಗ ಸಿಕ್ತು.

ಬೆಳಿಗ್ಗೆ ಎಲ್ರಿಗಿಂತ ಮೊದಲು ಹೋಗಿ ಬಿಲ್ ಪುಸ್ತಕ ತೆಗ್ದೆ. ಹನ್ನೊಂದನೇ ಬಿಲ್ಲು, 5,830. ಕ್ಯಾಶ್ ಬುಕ್ಕಲ್ಲಿ 8,530. ಕೈಬರಹ ನಂದೇ.

ಓನರ್‌ಗೆ ತೋರಿಸ್ದೆ. "ಹೂಂ, ಸರಿ ಮಾಡು" ಅಂದ್ರು. ಹುಡುಗನಿಗೆ ಅವರೇನೂ ಹೇಳ್ಲಿಲ್ಲ. ನಾನೇ ಹೋಗಿ ಸಾರಿ ಕಣೋ ಅಂದೆ. ಪೈಪು ಕಟ್ತಿದ್ದ, ತಲೆ ಎತ್ತದೆ "ಪರ್ವಾಗಿಲ್ಲ ಅಕ್ಕ" ಅಂದ. ಆಮೇಲೆ ಓನರ್ ಕರೆದ್ರೂ ಅವ್ನು ಗಲ್ಲಾದಿಂದ ನಾಲ್ಕಡಿ ದೂರವೇ ನಿಲ್ತಿದ್ದ.