ಹಗುರ ಐತಿ, ಆದ್ರ ಜೊಳ್ಳಲ್ಲ

ಇದನ್ನ ಬರೆಯೋಕೆ ಕಾರಣ ಒಂದು ಫೋನ್ ಕಾಲ್. ನಮ್ಮೂರು ಜವಳಗೇರಾದ ನಮ್ಮ ಓಣಿಯ ಹುಡುಗಿಯೊಬ್ಬಳು ಹೋದ ವರ್ಷ ಬೇರೆ ಕಾಲೇಜಿನಲ್ಲಿ ಸಿವಿಲ್ ಸೇರಿದ್ದಾಳೆ. ಅವಳು ಫೋನ್ ಮಾಡಿ, "ಅಣ್ಣಾ, ನೀವು ಚಲೋ ಐತಿ ಅಂದಿದ್ರಂತ ನಾವೂ ನಿಮ್ಮಂಥದ್ದೇ ಲ್ಯಾಪ್‌ಟಾಪ್ ತಗೊಂಡ್ವಿ. ಇದ್ರಾಗ ಆಟೊಕ್ಯಾಡ್ ಹತ್ತವಲ್ದು. ನಿಮ್ದರಾಗ ಹೆಂಗ ಹತ್ತೈತಿ?" ಅಂತ ಕೇಳಿದಳು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಮ್ಮದರಲ್ಲೂ ಹತ್ತಿಲ್ಲ. ಆದರೆ ಅದನ್ನ ಊರಲ್ಲಿ ಯಾರಿಗೂ ಹೇಳಿರಲಿಲ್ಲ.

ನಾವಿಬ್ಬರು ಅಂದರೆ ಅಣ್ಣತಮ್ಮಂದಿರ ಮಕ್ಕಳು. ಮನೆ ಒಂದೇ, ಹಾಸ್ಟೆಲ್ ರೂಮೂ ಒಂದೇ. ಒಬ್ಬನದು ಕಂಪ್ಯೂಟರ್ ಸೈನ್ಸ್, ಇನ್ನೊಬ್ಬನದು ಸಿವಿಲ್. ಲ್ಯಾಪ್‌ಟಾಪ್ ಕೂಡ ಇಬ್ಬರಿಗೂ ಸೇರಿ ಒಂದೇ. 2024ರಲ್ಲಿ ನಾವು ಸೇರುವಾಗ ಮನೆಯಲ್ಲಿ ಮೊದಲು 50 ಸಾವಿರದ ಮಾತಾಗಿತ್ತು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯ್ತು. ಎಡದಂಡೆ ಕಾಲುವೆ ನಂಬಿದ ನಮ್ಮ ಸಿಂಧನೂರು ಸೀಮೆಯಲ್ಲಿ ಆ ವಾರವೆಲ್ಲ ಒಂದೇ ಮಾತು: ನೀರು ಉಳೀತೈತೋ ಇಲ್ಲೋ. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್‌ಲಾಗ್ ಇಳಿಸಿ ನೀರು ತಡೆದರು, ಆಮೇಲೆ ಮಳೆಯೂ ಬಂತು. ಆದರೆ ನಮ್ಮ ಬಜೆಟ್ 22 ಸಾವಿರಕ್ಕೆ ಇಳಿದದ್ದು ಮತ್ತೆ ಏರಲಿಲ್ಲ. ಆ ವರ್ಷ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,300 ರೂಪಾಯಿ, ಅಂದರೆ 75 ಕೆಜಿ ಚೀಲಕ್ಕೆ 1,725. ಹೆಚ್ಚುಕಡಿಮೆ 13 ಚೀಲ ಭತ್ತ ಕೊಟ್ಟು ತಂದ ಲ್ಯಾಪ್‌ಟಾಪ್ ಇದು.

ದೀಪಾವಳಿಗೆ ಊರಿಗೆ ಒಯ್ದಾಗ ಮುತ್ಯಾ ಅದನ್ನ ಅಂಗೈ ಮೇಲೆ ಇಟ್ಟುಕೊಂಡು ತೂಗಿ ನೋಡಿದ. "ಇಷ್ಟು ಹಗುರ ಐತಲ್ಲೋ! ಜೊಳ್ಳು ಇದ್ದಂಗೈತಿ" ಅಂದ. ಬೀಜದ ಫಾರಂ ಇರೋ ಊರಿನ ಮನುಷ್ಯ, ಕಾಳಿನ ತೂಕ ನೋಡೇ ಬೆಲೆ ಕಟ್ಟೋನು. ನಾವು "ಇಲ್ಲ ಮುತ್ಯಾ, ಭಾಳ ಚಲೋ ಐತಿ" ಅಂದೆವು. ಆ ಮಾತು ಓಣಿಯೆಲ್ಲ ಸುತ್ತಿತು. ಈಗ ಲೆಕ್ಕ ಸರಿಯಾಗಿ ಒಪ್ಪಿಸ್ತೀವಿ.

ಮೊದಲು ಚಲೋ ಗುಣ. ತೂಕ 1.2 ಕೆಜಿ. ಊರಿಗೆ ಹೋಗೋ ಬಸ್ಸಲ್ಲಿ ಸೀಟು ಸಿಗದೆ ನಿಂತೇ ಹೋದರೂ ಹೆಗಲು ನೋಯಲ್ಲ. ಪ್ರೊಸೆಸರ್ ಎರಡು ಕೋರಿನದು, ಬರೀ 6 ವ್ಯಾಟಿನದು. ಹಾಗಾಗಿ ಫ್ಯಾನೇ ಇಲ್ಲ, ಲೈಬ್ರರಿಯಲ್ಲಿ ಸದ್ದಿಲ್ಲ, ಒಳಗೆ ಧೂಳು ಎಳ್ಕೊಳಲ್ಲ. ಬ್ಯಾಟರಿ 38 ವ್ಯಾಟ್-ಅವರ್. ಬರೆಯೋ, ಓದೋ ಕೆಲಸಕ್ಕೆ ಒಟ್ಟು 7 ವ್ಯಾಟ್ ಖರ್ಚಾದರೆ 5 ಗಂಟೆ ಮೇಲೆ ಬರ್ತದೆ. ಊರಲ್ಲಿ ಮಧ್ಯಾಹ್ನ ಕರೆಂಟ್ ಹೋದಾಗ ಇದರ ಬೆಲೆ ಗೊತ್ತಾಯ್ತು. ಟೈಪ್-ಸಿ ಚಾರ್ಜರ್ ಆದ್ದರಿಂದ ಕಾರಿನ 12 ವೋಲ್ಟ್ ಚಾರ್ಜರಲ್ಲೂ ಒಮ್ಮೆ ಚಾರ್ಜ್ ಮಾಡಿದೀವಿ.

ಈಗ ಕೊರತೆ. 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ ಸ್ಟೋರೇಜ್, ಎರಡೂ ಬೋರ್ಡಿಗೇ ಬೆಸುಗೆ. ವಿಂಡೋಸ್ 11 ಕೇಳೋ ಕನಿಷ್ಠವೂ ಅಷ್ಟೇ. ಕನಿಷ್ಠ ಅಂದರೆ ಆಪರೇಟಿಂಗ್ ಸಿಸ್ಟಮ್ ಉಂಡ ಮೇಲೆ ನಮಗೆ ಉಳಿಯೋದು ತಳದ ಸೀಕು ಅಂತ ಆಗ ತಿಳಿದಿರಲಿಲ್ಲ. ಎರಡನೇ ಸೆಮಿಸ್ಟರಿಗೆ ಅಪ್‌ಡೇಟ್ ಹಾಕೋಕೂ ಜಾಗ ಇರಲಿಲ್ಲ. ಅದನ್ನ ತೆಗೆದು ಲುಬುಂಟು ಹಾಕಿದ ಮೇಲೆ ಉಸಿರಾಡಿತು. ಸಿ, ಪೈಥಾನ್, ಗಿಟ್ ಎಲ್ಲ ನಡೀತದೆ, ಭಾರದ ಕೆಲಸ ಕೊಲ್ಯಾಬ್‌ನಲ್ಲಿ. ಆದರೆ ಆಟೊಕ್ಯಾಡ್, ಆಂಡ್ರಾಯ್ಡ್ ಸ್ಟುಡಿಯೊ ಎರಡೂ ಕಡಿಮೆ ಅಂದರೂ 8 ಜಿಬಿ ಕೇಳ್ತವೆ. ಆಟೊಕ್ಯಾಡಂತೂ ಲಿನಕ್ಸಿಗೆ ಇಲ್ಲವೇ ಇಲ್ಲ.

ಪರದೆ ಇನ್ನೊಂದು ಕಥೆ. ನೇರ ಕೂತವನಿಗಷ್ಟೇ ಬಣ್ಣ ಸರಿ ಕಾಣ್ತದೆ, ಪಕ್ಕದವನಿಗೆ ಎಲ್ಲಾ ಬೆಳ್ಳಗೆ. ಇಬ್ಬರು ಹಂಚಿಕೊಂಡು ಬಳಸೋಕೆ ಎಂಥಾ ಪರದೆ! ಮೇ ತಿಂಗಳ ಮಧ್ಯಾಹ್ನ ಊರಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಫ್ಯಾನ್ ಇಲ್ಲದ ಪ್ರೊಸೆಸರ್ ತಾನಾಗಿ ವೇಗ ಇಳಿಸ್ತದೆ. ಕೆಳಗೆ ಸ್ಟೀಲ್ ತಾಟು ಇಟ್ಟು ನೋಡಿದೆವು, ಸ್ವಲ್ಪ ಉಪಯೋಗ ಆಯ್ತು.

ಕಡಿಮೆ ಬೆಲೆ, ಕಡಿಮೆ ತೂಕ ಎರಡೂ ಬೇಕಂದರೆ ಏನೋ ಒಂದು ಬಿಡಲೇಬೇಕು. 2007ರಲ್ಲಿ ಏಸಸ್‌ನ ಈ-ಪಿಸಿ ಬಂದಾಗಲೂ ಹಿಂಗೇ: ತೂಕ ಒಂದು ಕೆಜಿಗಿಂತ ಕಮ್ಮಿ, ಆದರೆ 7 ಇಂಚಿನ ಪರದೆ, 4 ಜಿಬಿ ಸ್ಟೋರೇಜ್. ದುಬಾರಿ ಲ್ಯಾಪ್‌ಟಾಪ್ ಹಗುರ ಆಗೋದು ಒಳ್ಳೆ ಲೋಹದಿಂದ, ಒಳ್ಳೆ ವಿನ್ಯಾಸದಿಂದ. ನಮ್ಮದು ಹಗುರ ಆದದ್ದು ಪ್ಲಾಸ್ಟಿಕ್ ಬಾಡಿ, ಸಣ್ಣ ಬ್ಯಾಟರಿ, ಫ್ಯಾನ್ ಇಲ್ಲ, ಸ್ಲಾಟ್ ಇಲ್ಲ ಅನ್ನೋದರಿಂದ.

ಬಿಟ್ಟದ್ದರ ಪೆಟ್ಟು ಬಿದ್ದದ್ದು ನಮ್ಮಲ್ಲಿ ಸಿವಿಲ್ ಓದೋನಿಗೆ. ಲ್ಯಾಬ್ ಮುಚ್ಚೋವರೆಗೂ ಅಲ್ಲೇ ಕೂತು ಡ್ರಾಯಿಂಗ್ ಮಾಡಬೇಕು, ಉಳಿದದ್ದನ್ನ ಸೀನಿಯರ್ ಬಾಗಿಲು ತಟ್ಟಿ ಅವರ ಲ್ಯಾಪ್‌ಟಾಪಲ್ಲಿ. ಒಮ್ಮೆ ಸಬ್ಮಿಷನ್ ತಪ್ಪಿತು. ಆ ರಾತ್ರಿ "ಲ್ಯಾಪ್‌ಟಾಪ್ ನಿಂದಾ ನಂದಾ?" ಅಂತ ಜಗಳ ಆಗಿ ಮೂರು ದಿನ ಮಾತಿಲ್ಲ. ಅವನ ಅಪ್ಪ ಫೋನ್ ಮಾಡಿ "ಲ್ಯಾಪ್‌ಟಾಪ್ ಹೆಂಗೈತಿ?" ಅಂದಾಗ ಮಾತ್ರ ಇಬ್ಬರ ಉತ್ತರವೂ ಒಂದೇ: "ಚಲೋ ಐತಿ." 13 ಚೀಲ ಹಾಕಿದವರಿಗೆ ಬೇರೆ ಏನು ಹೇಳೋಕೂ ಬಾಯಿ ಬರಲಿಲ್ಲ. ನಮ್ಮ ಆ ಸಂಕೋಚಕ್ಕೆ ಇನ್ನೊಂದು ಮನೆಯವರು ದುಡ್ಡು ಕಟ್ಟಿದರು.

ಆ ಹುಡುಗಿಗೆ ಈಗ ನಿಜ ಹೇಳಿದೀವಿ. ಬೈಯಲಿಲ್ಲ, ಸುಮ್ಮನಾದಳು. ಬೈದಿದ್ದರೇ ಚಲೋ ಇತ್ತು. 2ಡಿ ಅಭ್ಯಾಸಕ್ಕೆ ಲಿಬ್ರೆಕ್ಯಾಡ್ ಹಾಕಿಕೊಟ್ಟೆವು, ಆದರೆ ಪರೀಕ್ಷೆಗೆ ಅವಳೂ ಲ್ಯಾಬನ್ನೇ ನಂಬಬೇಕು. ಮನೆಯಲ್ಲೂ ಹೇಳಿದೆವು. ಮುತ್ಯಾ ಅಂದದ್ದು ಇಷ್ಟೇ: "ಜೊಳ್ಳಲ್ಲ ಬಿಡು. ಬ್ಯಾರೆ ಹೊಲದ ಬೀಜ."

2025-26ರಲ್ಲಿ ಡ್ಯಾಮಿನ 33 ಗೇಟು ಬದಲಿಸೋ ಕೆಲಸಕ್ಕಾಗಿ ನಮ್ಮ ಕಡೆ ಎರಡನೇ ಬೆಳೆಗೆ ನೀರಿಲ್ಲ. ಅಲ್ಲಿಂದ ಈ ಸಲ ಕಾಲೇಜಿಗೆ ಬರೋರ ಕೈಯಲ್ಲಿ ದುಡ್ಡು ಇನ್ನೂ ಕಮ್ಮಿ ಇರ್ತದೆ. ಜೂನಿಯರ್ಸ್ ಕೇಳಿದರೆ ಮೊದಲು ಬ್ರಾಂಚ್ ಯಾವುದು ಅಂತ ಕೇಳಿ. ಕೋಡಿಂಗ್ ಕಲಿಯೋಕೆ, ನೋಟ್ಸು, ರಿಪೋರ್ಟು ಬರೆಯೋಕೆ ಇಂಥದ್ದು ಸಾಕು. ಸಿವಿಲ್, ಮೆಕ್ಯಾನಿಕಲ್‌ನವರಿಗೆ ಇಷ್ಟೇ ದುಡ್ಡಿದ್ದರೆ ಆಫೀಸುಗಳಲ್ಲಿ ಬಳಸಿ ಬಿಟ್ಟ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ನೋಡೋಕೆ ಹೇಳಿ. ಎರಡು ಕೆಜಿ ಇರಬಹುದು, ಬ್ಯಾಟರಿ ಸೋತಿರಬಹುದು, ಆದರೆ ರ‍್ಯಾಮ್ ಹಾಕೋಕೆ ಸ್ಲಾಟ್ ಇದೆಯಾ ಅಂತ ಬಿಚ್ಚಿಸಿ ನೋಡಲಿ.

ಯಾರಿಗಾದರೂ ನಮ್ಮದನ್ನ ನೋಡಬೇಕಿದ್ದರೆ ರೂಮಿಗೆ ಬನ್ನಿ, ಒಂದು ದಿನ ಕೊಡ್ತೀವಿ. ಏನು ನಡೀತದೆ, ಏನು ನಡೆಯಲ್ಲ, ಎರಡೂ ಹೇಳ್ತೀವಿ.