ಎಣ್ಣಿಗೂ ಒಂದು ಮನಿ ಬೇಕು

ನಮ್ಮ ಹಿರಿಯರು ಮನಿಯೊಳಗೆ ಒಂದೊಂದು ವಸ್ತುವಿಗೂ ಒಂದೊಂದು ಜಾಗಾ ಗೊತ್ತು ಮಾಡಿ ಇಟ್ಟಿದ್ದರು. ಜೋಳಕ್ಕೆ ಹಗೇವು, ಬೀಜಕ್ಕೆ ಬೂದಿ ಬೆರೆಸಿದ ಗಡಿಗೆ, ಹಾಲು ಬೆಣ್ಣೆಗೆ ನೆಲುವು, ಕುಡಗೋಲಿಗೆ ಜಂತಿ, ದೇವರಿಗೆ ಜಗಲಿ. ಕುಳ್ಳಿನ ಬಣವಿಯನ್ನು ಮನಿಗೆ ಹತ್ತಿ ಒಟ್ಟುತ್ತಿರಲಿಲ್ಲ, ಹಿತ್ತಲದ ಆಚೆ ಒಟ್ಟುತ್ತಿದ್ದರು. ಯಾಕೆ ಅಂತ ಯಾರೂ ಬರೆದಿಡಲಿಲ್ಲ. ನೋಡಿ ನೋಡಿ ನಾವು ಕಲಿತೆವು.

ಆದರೆ ಪೆಟ್ರೋಲು ನಮ್ಮ ಮನಿಗೆ ಬಂದದ್ದು ನಮ್ಮ ಕಾಲಕ್ಕೆ. ಅಜ್ಜನ ಕಾಲಕ್ಕೆ ಕುಸುಬಿ ಎಣ್ಣಿ, ಔಡಲ ಎಣ್ಣಿ ದೀಪ. ಅಪ್ಪನ ಕಾಲಕ್ಕೆ ಚಿಮಣಿ ಎಣ್ಣಿ, ಕಂದೀಲು. ಹಾಡಿಕೆ ಇದ್ದ ರಾತ್ರಿ ಗ್ಯಾಸಬತ್ತಿ. ಈಗ ನೋಡಿದರೆ ಮೋಟರಸೈಕಲ್ಲಿಗೆ ಪೆಟ್ರೋಲು, ಬೆನ್ನಿಗೆ ಹಾಕೋ ಪಂಪಿಗೆ ಪೆಟ್ರೋಲು, ಹುಲ್ಲು ಕತ್ತರಿಸೋ ಮಷೀನಿಗೆ ಪೆಟ್ರೋಲು, ಟ್ರ್ಯಾಕ್ಟರಿಗೆ ಡಿಸೇಲು, ಬಾಗಿಲಕ್ಕೆ ಬಣ್ಣ ಹಚ್ಚಿ ಉಳಿದ ಥಿನ್ನರು. ಇವಕ್ಕೆ ಹಿರಿಯರು ಜಾಗಾ ಗೊತ್ತು ಮಾಡಿ ಹೋಗಿಲ್ಲ. ನಾವೂ ಮಾಡಲಿಲ್ಲ. ಹಿಂಗಾಗಿ ಒಂದು ಮನಿಯಲ್ಲಿ ಹೊರಸಿನ ಕೆಳಗೆ, ಒಂದು ಮನಿಯಲ್ಲಿ ಬಾಗಿಲ ಮರಿಗೆ, ಇನ್ನೊಂದು ಮನಿಯಲ್ಲಿ ನೇರ ಅಡಗಿ ಮನಿಯ ಮೂಲಿಯಲ್ಲಿ ಕೂತಾವೆ. ಕರೀದೆ ಬಂದ ಬೀಗನಿಗೂ ನಾವು ಕಂಬಳಿ ಹಾಸಿ ಕೂಡ್ರುವ ಜಾಗಾ ತೋರಿಸುತ್ತೇವೆ. ಇವನಿಗೆ ಮಾತ್ರ ತೋರಿಸಿಲ್ಲ.

ನಾನು ಏಳನೇ ಇಯತ್ತೆ ಕಲಿತವನು. ಹೊಲ ಮಾಡೋನು, ಡೊಳ್ಳಿನ ಹಾಡು ಹೇಳೋನು. ವಾಚನಾಲಯದವರು ಈ ಪುಸ್ತಕಕ್ಕೆ ಏನರ ಬರೀರಿ ಅಂದಾಗ, ಹಾಡಿನ ಬಗ್ಗೆ ಬರೀತಾನ ಅಂತ ತಿಳಿದಿರಬೇಕು. ಹಾಡಿನ ಬಗ್ಗೆ ಬರಿಯೋರು ಬಹಳ ಮಂದಿ ಇದ್ದಾರೆ. ನಾನು ಡಬ್ಬಿಯ ಬಗ್ಗೆ ಬರೀತೀನಿ. ಅದಕ್ಕೆ ಕಾರಣ ನಮ್ಮ ಮೇಳದ ಒಬ್ಬ ಹುಡುಗ.

ಅವನ ಹೆಸರು ಬೇಡ. ಡೊಳ್ಳು ಬಾರಿಸೋದರಲ್ಲಿ ಅವನ ಕೈ ಹಿಡಿಯೋರು ಈ ಜತ್ತ ತಾಲೂಕಿನ ಕಡೆ ಯಾರೂ ಇರಲಿಲ್ಲ. ದೀಪಾವಳಿಗೆ ಹುಲಜಂತಿಯ ಜಾತ್ರೆಗೆ ಹೋದರೆ ಜನ ಅವನ ಸುತ್ತ ಗುಂಪುಗಟ್ಟಿ ನಿಲ್ಲುತ್ತಿದ್ದರು. ಅವರ ವಸ್ತಿಯಲ್ಲಿ ಒಂದು ಎಕರೆ ದ್ರಾಕ್ಷಿ. ಒಂದು ದಿನ ಮುಂಜಾನೆ ಪಡಸಾಲಿಯಲ್ಲಿ ಕೂತು ಪ್ಲಾಸ್ಟಿಕ್ ಕ್ಯಾನಿನಿಂದ ಪಂಪಿಗೆ ಪೆಟ್ರೋಲು ಹಾಕುತ್ತಿದ್ದ. ಹತ್ತಿರ ಬೀಡಿ ಇಲ್ಲ, ಕಡ್ಡಿಪೆಟ್ಟಿಗೆ ಇಲ್ಲ. ಅಡಗಿ ಮನಿ ಹತ್ತು ಹೆಜ್ಜೆ ಆಚೆ, ಎರಡು ಮೆಟ್ಟಿಲು ಕೆಳಗೆ. ಒಳಗೆ ಅವರ ಅವ್ವ ರೊಟ್ಟಿ ಬಡಿಯುತ್ತಿದ್ದಳು, ಒಲಿ ಉರಿಯುತ್ತಿತ್ತು. ಸ್ವಲ್ಪ ಪೆಟ್ರೋಲು ಚೆಲ್ಲಿತು, ಇಷ್ಟೇ. ಭುಗ್ ಅಂದಿತು. ಬೆಂಕಿ ಒಲಿಯಿಂದ ನೆಲ ಹಿಡಿದು ಓಡಿ ಬಂದು ಅವನ ಕೈ ಹಿಡಿಯಿತು.

ಜೀವ ಉಳಿಯಿತು. ಅವ್ವನ ಕಾಲೂ ವಾಸಿಯಾದವು. ಆದರೆ ಅವನ ಎಡಗೈಯ ಮೂರು ಬೆರಳು ಒಂದಕ್ಕೊಂದು ಕೂಡಿಕೊಂಡು ಮುರಿಗಿ ಆಗ್ಯಾವೆ. ಈಗ ನಮ್ಮ ಹಿಂದೆ ನಿಂತು ಸೊಲ್ಲು ಹೇಳುತ್ತಾನೆ. ಡೊಳ್ಳು ಬೇರೆಯವರ ಕೊರಳಿಗೆ ಬಂದೈತಿ. "ಕಾಕಾ, ಬೆಂಕಿ ದೂರ ಇತ್ತು, ಹೆಂಗ ಹತ್ತಿತು?" ಅಂತ ಅವನು ಕೇಳಿದ. ಈ ಪ್ರಶ್ನೆಗೆ ಉತ್ತರ ಎಲ್ಲರಿಗೂ ಗೊತ್ತಿರಬೇಕು ಅಂತಲೇ ಇದನ್ನು ಬರೀತಿದ್ದೀನಿ.

ಉತ್ತರ ನಮ್ಮ ಹಗೇವಿನಲ್ಲೇ ಇತ್ತು. ಹಗೇವು ತೆರೆದ ಕೂಡಲೇ ಯಾರೂ ಒಳಗೆ ಇಳಿಯೋದಿಲ್ಲ. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಐತಿ, ಇಳಿಯಬ್ಯಾಡ ಅಂತ ಅರ್ಥ. ಆ ಗಾಳಿ ಭಾರ, ತಳ ಹಿಡಿದು ಕೂಡ್ರುತ್ತದೆ. ಪೆಟ್ರೋಲಿನ ಆವಿಯೂ ಹಂಗೇ, ನಾವು ಉಸಿರಾಡೋ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹಾರಿ ಹೋಗೋದಿಲ್ಲ. ಹಾವಿನ ಹಾಂಗ ನೆಲ ಹಿಡಿದು ಹರಿಯುತ್ತದೆ, ಮೆಟ್ಟಿಲು ಇಳಿಯುತ್ತದೆ, ತಗ್ಗಿನಲ್ಲಿ ಕೂಡ್ರುತ್ತದೆ. ವ್ಯತ್ಯಾಸ ಒಂದೇ. ಹಗೇವಿನ ಗಾಳಿ ದೀಪ ಆರಿಸುತ್ತದೆ. ಇದು ದೀಪದ ಬೆಂಕಿಯನ್ನೇ ಎತ್ತಿಕೊಂಡು ಡಬ್ಬಿಯ ಕಡೆ ಓಡಿ ಬರುತ್ತದೆ.

ಉರಿಯೋದು ಪೆಟ್ರೋಲಲ್ಲ, ಅದರ ಆವಿ. ಇದನ್ನು ನಮ್ಮ ಶಾಲೆಯ ವಿಜ್ಞಾನದ ಗುರುಗಳು ನನಗೆ ತಿಳಿಸಿ ಹೇಳಿದರು. ನೂರು ಪಾಲು ಗಾಳಿಯಲ್ಲಿ ಒಂದೂವರೆ ಪಾಲು ಆವಿ ಕೂಡಿದರೆ ಸಾಕು, ಒಂದು ಕಿಡಿಗೆ ಹತ್ತುತ್ತದೆ. ಪೆಟ್ರೋಲು ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹತ್ತುವಷ್ಟು ಆವಿ ಬಿಡುತ್ತದಂತೆ. ನಮ್ಮ ಊರಿಗೆ ಅಂಥ ಚಳಿ ಯಾವಾಗ ಬಂದೀತು? ಅಂದರೆ ಪೆಟ್ರೋಲು ನಮ್ಮಲ್ಲಿ ವರ್ಷದ ಎಲ್ಲಾ ದಿನ ಎಚ್ಚರ ಇರುತ್ತದೆ. ಚಿಮಣಿ ಎಣ್ಣಿ, ಡಿಸೇಲು ಸ್ವಲ್ಪ ಸಾಧು. 35 ಡಿಗ್ರಿ ಕಾವಿನ ಒಳಗೆ ಅವು ಹತ್ತುವಷ್ಟು ಆವಿ ಬಿಡಬಾರದು ಅನ್ನೋದು ಸರಕಾರದ ನಿಯಮ. ಆದರೆ ನಮ್ಮ ಬ್ಯಾಸಗಿ 40 ದಾಟುತ್ತದೆ, ಪತ್ರಾಸಿನ ಶೆಡ್ಡಿನೊಳಗೆ ಇನ್ನೂ ಹೆಚ್ಚು. ಸಾಧುವಿಗೂ ಸಿಟ್ಟು ಬರೋ ಕಾಲ ಐತಿ ಅಂತ ತಿಳಿದಿರಬೇಕು.

ಇನ್ನು ಕಪಾಟಿನ ಮಾತು. ಸಾಂಗಲಿ ಕಡೆಯ ಎಂಐಡಿಸಿಯಲ್ಲಿ ಒಂದು ಬಣ್ಣದ ಕಾರ್ಖಾನೆ. ಅಲ್ಲಿ ನಮ್ಮ ಕಡೆಯ ಹುಡುಗರು ಬಹಳ ಮಂದಿ, ನನ್ನ ಅಳಿಯನೂ ಇದ್ದಾನೆ. ದಸರಾದ ಖಂಡೇಪೂಜೆಗೆ ನಮ್ಮ ಮೇಳ ಕರೆಸಿದ್ದರು. ಪೂಜೆ ಮುಗಿದ ಮೇಲೆ ಅಳಿಯ ಒಳಗೆಲ್ಲ ತೋರಿಸಿದ. ಒಂದು ಗೋಡೆಗೆ ಅರಿಷಿಣ ಬಣ್ಣದ ಕಬ್ಬಿಣದ ಕಪಾಟು, ಆಳೆತ್ತರ. ಕೆಂಪು ಅಕ್ಷರ. ಒಳಗೆ ಥಿನ್ನರಿನ ಡಬ್ಬಿಗಳು.

"ಇದೇನು, ತಿಜೋರಿ ಮಾಡಿದಂಗ ಮಾಡೀರಲ್ಲೋ?" ಅಂದೆ.

"ತಿಜೋರಿನೇ ಮಾಮಾ, ಬೆಂಕಿ ಕಳ್ಳ ಬರಬಾರದಂತ," ಅಂದ.

ಆಮೇಲೆ ಒಂದೊಂದಾಗಿ ತೋರಿಸಿದ. ಗೋಡೆ ಒಂದಲ್ಲ, ಎರಡು ತಗಡು. ನಡುವೆ ಒಂದೂವರೆ ಇಂಚು ಗಾಳಿ. ಹೊರಗಿನ ಕಾವು ಗಕ್ಕನೆ ಒಳಗೆ ಹೋಗದಿರಲಿ ಅಂತ. ಕೆಳಗೆ ಎರಡು ಇಂಚು ಎತ್ತರದ ಹೊಸ್ತಿಲು. ಡಬ್ಬಿ ಸೋರಿದರೆ ಎಣ್ಣಿ ಅಲ್ಲೇ ನಿಲ್ಲಬೇಕು, ಹೊರಗೆ ಹರಿಯಬಾರದು. ಬಾಗಿಲು ಮೂರು ಕಡೆ ಕಚ್ಚಿಕೊಳ್ಳುತ್ತದೆ, ಮೇಲೆ, ಕೆಳಗೆ, ನಡುವೆ. ಬಾಗಿಲು ತೆರೆದಿಟ್ಟು ಮರೆತಾಗ ಬೆಂಕಿ ಬಿದ್ದರೆ, ಕಾವಿಗೆ ಕರಗೋ ಒಂದು ಕೊಂಡಿ ಕರಗಿ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಕಪಾಟಿಗೆ ತಂತಿ ಕಟ್ಟಿ ನೆಲಕ್ಕೆ ಇಳಿಸಿದ್ದರು. ಎಣ್ಣಿ ಸುರಿಯುವಾಗ ಹುಟ್ಟೋ ಕಣ್ಣಿಗೆ ಕಾಣದ ಕರೆಂಟು ಕಿಡಿ ಆಗದೆ ಭೂಮಿಗೆ ಹೋಗಲಿ ಅಂತ.

"ಹಂಗಾದರ ಇದಕ್ಕ ಬೆಂಕಿ ಹತ್ತೋದೇ ಇಲ್ಲ?" ಅಂತ ಕೇಳಿದೆ.

"ಹಂಗೇನಿಲ್ಲ ಮಾಮಾ. ಹೊರಗ ಉರಿ ಬಿದ್ದರ ಹತ್ತು ನಿಮಿಷ ಒಳಗಿನ ಕಾವು 163 ಡಿಗ್ರಿ ದಾಟಬಾರದು. ಅಮೆರಿಕಾದ ನಿಯಮದಾಗ ಪರೀಕ್ಷಾ ಹಿಂಗ ಐತಿ. ಅದು ಬೆಂಕಿ ಆರಿಸೋದಿಲ್ಲ. ಮಂದಿ ಓಡಾಕ ಹತ್ತು ನಿಮಿಷ ಕೊಡತೈತಿ."

ಹತ್ತು ನಿಮಿಷ. ಅಷ್ಟು ದುಡ್ಡು ಸುರಿದು ಆ ಕಾರ್ಖಾನೆಯವರು ಕೊಂಡದ್ದು ಹತ್ತು ನಿಮಿಷ. ನಮ್ಮ ಮೇಳದಲ್ಲಿ ದೇವರ ಸ್ತುತಿ ಪದ ಒಂದು ಮುಗಿಯೋಕೆ ಅಷ್ಟು ಹೊತ್ತು ಬೇಕು. ನಮ್ಮ ಹುಡುಗನಿಗೆ ಒಂದು ಉಸಿರಿನಷ್ಟು ಹೊತ್ತೂ ಸಿಗಲಿಲ್ಲ. ಅಗ್ನಿಶಾಮಕ ಗಾಡಿ ಪ್ಯಾಟಿಯಿಂದ ನಮ್ಮ ವಸ್ತಿಗೆ ಬರೋ ಹೊತ್ತಿಗೆ ಏನೂ ಉಳಿದಿರೋದಿಲ್ಲ. ಹತ್ತು ನಿಮಿಷ ನಮಗೇ ಹೆಚ್ಚು ಬೇಕು.

ಆ ಕಪಾಟು ನಮ್ಮ ಕೈಗೆ ಎಟುಕೋದಲ್ಲ. ಆದರೆ ಅದರ ಬುದ್ಧಿಗೆ ರೊಕ್ಕ ಬೀಳೋದಿಲ್ಲ. ಊರಿಗೆ ಬಂದು, ಮನಿಯಿಂದ 40 ಹೆಜ್ಜೆ ಆಚೆ, ಬಣವಿಗೂ ದನದ ಕೊಟ್ಟಿಗೆಗೂ ದೂರ, ಬೇವಿನ ನೆರಳಿನಲ್ಲಿ ಒಂದು ಗೂಡು ಕಟ್ಟಿಸಿದೆ. ಕೋಳಿ ಗೂಡಿಗಿಂತ ಸ್ವಲ್ಪ ದೊಡ್ಡದು. ಕಲ್ಲಿನ ಗೋಡೆ, ಕಡಪಾ ಕಲ್ಲಿನ ಮುಚ್ಚಳ, ತಗಡಿನ ಬಾಗಿಲು. ನಾಲ್ಕು ಬೆರಳು ಎತ್ತರದ ಹೊಸ್ತಿಲು, ಒಳಗೆ ಮರಳು. ಹೊಸ್ತಿಲ ಮೇಲೆ ಒಂದು ಕಂಡಿ, ಮೇಲಕ್ಕೊಂದು ಕಂಡಿ, ಎರಡಕ್ಕೂ ಸಣ್ಣ ಜಾಳಿಗೆ. ಆವಿ ತಳ ಹಿಡಿಯೋದರಿಂದ ಕೆಳಗಿನ ಕಂಡಿ ಬೇಕೇ ಬೇಕು. ಕರೆಂಟು ಇಲ್ಲ, ಬಲ್ಬು ಇಲ್ಲ. ಬಾಗಿಲಕ್ಕೆ ಕೀಲಿ. ಕೀಲಿ ನಮ್ಮ ಮನಿಯವಳ ಹತ್ತಿರ. ಬಾಗಿಲ ಮೇಲೆ ಕನ್ನಡದಲ್ಲೂ ಮರಾಠಿಯಲ್ಲೂ ಬರೆಸಿದ್ದೀನಿ, ಯಾಕಂದರೆ ದ್ರಾಕ್ಷಿ ಕೆಲಸಕ್ಕೆ ಬರೋ ಆಳುಗಳಲ್ಲಿ ಎರಡೂ ಕಡೆಯವರು ಇರುತ್ತಾರೆ. ಓದಾಕ ಬರದವರಿಗೆ ಉರಿಯ ಚಿತ್ರ.

ಡಬ್ಬಿಯ ಮಾತನ್ನು ಕಾಯ್ದೆಯೇ ಹೇಳುತ್ತದೆ. 1934ರ ಪೆಟ್ರೋಲಿಯಂ ಕಾಯ್ದೆ ಅಂತ ಒಂದು ಐತಿ. ಮಾರಾಟಕ್ಕಲ್ಲದೆ ಸ್ವಂತಕ್ಕೆ 30 ಲೀಟರ್ ತನಕ ಪೆಟ್ರೋಲು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು. ಆದರೆ ಬಿಗಿ ಮುಚ್ಚಳದ ಪಾತ್ರೆ ಬೇಕು. ಗಾಜು ಇಲ್ಲವೇ ಪಿಂಗಾಣಿ ಆದರೆ ಒಂದು ಲೀಟರಿಗೆ ಮೀರಬಾರದು, ಲೋಹದ್ದಾದರೆ 25 ಲೀಟರಿಗೆ ಮೀರಬಾರದು. ನೀರಿನ ಬಾಟಲಿಯ ಹೆಸರು ಅದರಲ್ಲಿ ಎಲ್ಲೂ ಇಲ್ಲ. ನಾವು ಅದರಲ್ಲೇ ತರುತ್ತೇವೆ. 30 ಲೀಟರ್ ಇಡಬಹುದು ಅಂದರೆ ಇಡಲೇಬೇಕು ಅಂತಲ್ಲ. ನಾನು ಐದು ಲೀಟರಿಗಿಂತ ಹೆಚ್ಚು ತರೋದಿಲ್ಲ. ಡಬ್ಬಿ ಕಂಠಮಟ ತುಂಬಿಸೋದಿಲ್ಲ, ಬಿಸಿಲಿಗೆ ಎಣ್ಣಿ ಉಬ್ಬುತ್ತದೆ. ತುಂಬಿಸುವಾಗ ಡಬ್ಬಿ ಗಾಡಿಯ ಮೇಲೆ ಇರಬಾರದು, ನೆಲದ ಮೇಲೆ ಇರಬೇಕು. ಪಂಪಿಗೆ ಹಾಕುವಾಗ ಬಯಲಲ್ಲಿ, ಮಷೀನು ಆರಿ ತಣ್ಣಗಾದ ಮೇಲೆ.

ದ್ರಾಕ್ಷಿಯವರಿಗೆ ಇನ್ನೊಂದು ಮಾತು. 13-00-45 ಅನ್ನೋ ಗೊಬ್ಬರ ಡ್ರಿಪ್ಪಿಗೆ ಬಿಡುತ್ತೇವಲ್ಲ, ಅದು ಮದ್ದಿನ ಪುಡಿಗೆ ಹಾಕೋ ಪೆಟ್ಲುಪ್ಪೇ. ಬೆಂಕಿಗೆ ಅದು ಬಲ ಕೊಡುತ್ತದೆ. ಬೇದಾಣಾ ಶೆಡ್ಡಿಗೆ ಹೊಗೆ ಹಾಕೋ ಗಂಧಕವಂತೂ ಉರಿಯೋಕೆಂದೇ ತಂದದ್ದು. ಗೊಬ್ಬರ, ಗಂಧಕ, ಪೆಟ್ರೋಲು ಮೂರನ್ನೂ ಒಂದೇ ಕೋಣೆಗೆ ದೂಡಿ ಕೀಲಿ ಹಾಕಿದರೆ ಅದು ಕೋಣೆಯಲ್ಲ, ಗರನಾಳ. ಪೆಟ್ರೋಲಿನ ಗೂಡು ಬೇರೆ, ಗೊಬ್ಬರ ಬೇರೆ, ಗಂಧಕ ಬೇರೆ.

ನಮ್ಮ ಮಾತಿನಲ್ಲೂ ಒಂದು ತೊಡಕು ಐತಿ. ಅಡಗಿಗೂ ಎಣ್ಣಿ, ದೀಪಕ್ಕೂ ಎಣ್ಣಿ, ಬೆಳಿಗೆ ಹೊಡಿಯೋ ಔಷಧಕ್ಕೂ ಎಣ್ಣಿ. "ಆ ಎಣ್ಣಿ ತಗೊಂಡ ಬಾ" ಅಂದರೆ ಸಣ್ಣ ಹುಡುಗ ಯಾವುದನ್ನು ತರಬೇಕು? ಅದಕ್ಕೇ ಡಬ್ಬಿ ಮೇಲೆ ಹೆಸರು ಬೇಕು. ಚಿಮಣಿ ಎಣ್ಣಿ, ಪೆಟ್ರೋಲು ಕುಡಿದ ಮಗುವಿಗೆ ವಾಂತಿ ಮಾಡಿಸಬಾರದು, ಅದು ಪುಪ್ಪಸಕ್ಕೆ ಹೋಗಿ ಜೀವಕ್ಕೆ ಕುತ್ತು ತರುತ್ತದೆ. ನೇರ ದವಾಖಾನೆಗೆ ಒಯ್ಯಬೇಕು. ಪೆಟ್ರೋಲಿಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು, ಅದು ನೀರಿನ ಮೇಲೆ ತೇಲಿ ಇನ್ನೂ ಹರಡುತ್ತದೆ. ಮಣ್ಣು, ಮರಳು ಚೆಲ್ಲಬೇಕು. ಸುಟ್ಟ ಮೈಗೆ ಮಾತ್ರ ತಣ್ಣೀರು, 20 ನಿಮಿಷ. ಶಾಯಿ, ಟೂಥಪೇಸ್ಟು ಬೇಡ.

"ಇಷ್ಟು ವರ್ಷ ಏನಾಗಿಲ್ಲ, ಈಗೇನಾಗತೈತಿ?" ಅಂತ ನನ್ನ ಗೂಡು ನೋಡಿ ನಕ್ಕವರೂ ಇದ್ದಾರೆ. ಅವರಿಗೆ ನಾನು ವಾದ ಮಾಡೋದಿಲ್ಲ. ಆಗಿಲ್ಲ ಅನ್ನೋದು ಡಬ್ಬಿಯ ಗುಣವಲ್ಲ, ಗಾಳಿ ಆ ದಿನ ಬೇರೆ ಕಡೆ ಬೀಸಿದ್ದರ ಪುಣ್ಯ. ಗಾಳಿಯನ್ನು ನಂಬಿ ರಾಶಿ ತೂರಬಹುದು, ಸಂಸಾರ ಮಾಡೋದಾಗೋದಿಲ್ಲ.

ಶಾಲೆಯ ಗುರುಗಳಲ್ಲಿ ನನ್ನದೊಂದು ಬಿನ್ನಹ. ಐದನೇ ಇಯತ್ತೆಯ ಮೇಲಿನ ಮಕ್ಕಳಿಗೆ ಒಂದು ದಿನ ಮನಿ ಅಭ್ಯಾಸ ಇದನ್ನೇ ಕೊಡ್ರಿ: ನಿಮ್ಮ ಮನಿಯಲ್ಲಿ ಉರಿಯೋ ಎಣ್ಣಿ ಎಷ್ಟು ಥರ ಐತಿ, ಎಲ್ಲೈತಿ, ಯಾವ ಡಬ್ಬಿಯಲ್ಲೈತಿ, ಒಲಿಯಿಂದ ಎಷ್ಟು ಹೆಜ್ಜೆ, ಬರಕೊಂಡು ಬರ್ರಿ. ದೊಡ್ಡವರು ಹೇಳಿದರೆ ಕೇಳದ ಅಪ್ಪ, ಮಗಳು ಹೆಜ್ಜೆ ಎಣಿಸೋದು ಕಂಡರೆ ತಾನೇ ಡಬ್ಬಿ ಎತ್ತಿ ಹೊರಗೆ ಇಡುತ್ತಾನೆ.

ವಾಚನಾಲಯದ ಪಂಚರಿಗೂ ಒಂದು ಮಾತು. ಕರೆಂಟು ಹೋದಾಗ ಇರಲಿ ಅಂತ ತಂದ ಜನರೇಟರಿನ ಪೆಟ್ರೋಲು ಕ್ಯಾನು ಹಿಂದಿನ ಕೋಣೆಯಲ್ಲಿ, ಪುಸ್ತಕದ ಕಪಾಟಿನ ಮಗ್ಗಲಿಗೆ ಐತಿ. ಈ ಮರಾಠಿ ನಾಡಿನಲ್ಲಿ ಒಂದೊಂದು ಕನ್ನಡ ಪುಸ್ತಕವನ್ನು ನಾವು ಹೆಂಗೆ ಕೂಡಿ ಹಾಕಿದೆವು ಅನ್ನೋದು ನಿಮಗೇ ಗೊತ್ತು. ಹಿತ್ತಲಲ್ಲಿ ಗೂಡು ಕಟ್ಟೋಕೆ ಕಲ್ಲು ನಮ್ಮ ಹೊಲದಿಂದ ಕೊಡುತ್ತೇನೆ, ಬರುವ ಅಮಾಸಿ ದಿನ ನಾನೇ ಗಾಡಿ ಹೂಡಿಕೊಂಡು ಬರುತ್ತೇನೆ. ಅಲ್ಲಿತನಕ ಆ ಕ್ಯಾನನ್ನು ಕೀಲಿ ಹಾಕೋ ಅಂಗಳದ ನೆರಳಿಗೆ ಇಡ್ರಿ.